ಸ್ಟೆಂಟ್ ತೆಗೆಸುವ ತಾರೀಖು ಕನ್ನಡದಲ್ಲಿರಲಿ

ಮಾನ್ಯ ಸಂಪಾದಕರೇ,

ನಾನು ಪಾಂಡವಪುರದ ಹತ್ತಿರ ಆಲೆಮನೆ ನಡೆಸುವವನು. ದಿನವಿಡೀ ಕೊಪ್ಪರಿಗೆ ಮುಂದೆ ನಿಂತರೆ ಮೈಯ ನೀರೆಲ್ಲ ಬೆವರಾಗಿ ಹೋಗುತ್ತದೆ. ಕುಡಿಯುವುದು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಕಲ್ಲು ಕಟ್ಟುತ್ತದೆ. ನನ್ನ ಎರಡೂ ಕಿಡ್ನಿಯಲ್ಲಿ 2 ಸೆಂಟಿಮೀಟರ್ ದಾಟಿದ ಕಲ್ಲುಗಳಿದ್ದವು. ಊರವರು ಬಾಳೆದಿಂಡಿನ ರಸ, ಹುರುಳಿ ಕಟ್ಟು ಅಂದರು. 4-5 ಮಿಲಿಮೀಟರಿನ ಕಲ್ಲು ಎಷ್ಟೋ ಸಲ ತಾನೇ ಬಿದ್ದುಹೋಗುತ್ತದೆ, ಹೆಸರು ಮಾತ್ರ ಬಾಳೆದಿಂಡಿಗೆ! ಇಷ್ಟು ದೊಡ್ಡದು ಹಾಗೆ ಬೀಳುವುದಿಲ್ಲ.

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಪಿಸಿಎನ್‌ಎಲ್ ಆಪರೇಷನ್ ಆಯಿತು. ಬೆನ್ನಲ್ಲಿ ಸುಮಾರು 1 ಸೆಂಟಿಮೀಟರಿನ ತೂತು ಮಾಡಿ, ಕಲ್ಲನ್ನು ಕಿಡ್ನಿಯೊಳಗೇ ಒಡೆದು ಚೂರು ತೆಗೆಯುತ್ತಾರೆ. ಮೊದಲು ಎಡಗಡೆ, ಕೆಲವು ವಾರ ಬಿಟ್ಟು ಬಲಗಡೆ. ಎರಡೂ ಒಟ್ಟಿಗೆ ಮಾಡುವುದೂ ಉಂಟು. ನನಗೆ ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ಏರುವ ಕಶ್ಮಲ) ಜಾಸ್ತಿ ಇತ್ತು, ಒಟ್ಟಿಗೆ ಬೇಡ ಎಂದರು. ಡಾಕ್ಟರ ಕೈಗುಣದ ಬಗ್ಗೆ ಎರಡು ಮಾತಿಲ್ಲ.

ನನ್ನ ತಕರಾರಿರುವುದು ಡಿಸ್ಚಾರ್ಜ್ ಹಾಳೆಯ ಮೇಲೆ. ಮೂತ್ರ ಸರಾಗವಾಗಿ ಇಳಿಯಲೆಂದು ಕಿಡ್ನಿಯಿಂದ ಮೂತ್ರಚೀಲದವರೆಗೆ ಡಿಜೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅದನ್ನು ತೆಗೆಸಲೇಬೇಕು. ಹಾಳೆಯಲ್ಲಿ ಈ ವಿಷಯ ಎಲ್ಲಿತ್ತು ಗೊತ್ತಾ? ಮಾತ್ರೆಗಳ ಪಟ್ಟಿಯ ಕೆಳಗೆ, ಇಂಗ್ಲಿಷಿನಲ್ಲಿ, ಒಂದೇ ಸಾಲು. ಪಿಯುಸಿ ಓದುವ ಮಗಳು ಓದಿ ಹೇಳಿದಳು.

ವಾರ್ಡಿನಲ್ಲಿ ಪಕ್ಕದ ಮಂಚದವರು ಕೆ.ಆರ್. ಪೇಟೆ ಕಡೆಯ ರೈತ. ಬೇರೆಲ್ಲೋ ಹಾಕಿದ್ದ ಸ್ಟೆಂಟು ವರ್ಷ ದಾಟಿದರೂ ಒಳಗೇ ಇತ್ತು. 'ನೋವು ನಿಂತೋಗಿತ್ತು ಕಣಣ್ಣ, ತೆಗುಸ್ಬೇಕು ಅಂತ ಯಾರ್ ಹೇಳುದ್ರು?' ಅಂದರು. ಕೊಳವೆಯ ಸುತ್ತ ಮತ್ತೆ ಕಲ್ಲು ಕಟ್ಟಿ, ಸೋಂಕಾಗಿ ಜ್ವರ ಬಂದ ಮೇಲೆ ಸ್ಕ್ಯಾನಿಂಗಿನಲ್ಲಿ ಗೊತ್ತಾಗಿದ್ದು. ಹೊತ್ತಿಗೆ ಸರಿಯಾಗಿ ಬಂದಿದ್ದರೆ ಮೂತ್ರದ ದಾರಿಯಲ್ಲೇ ದುರ್ಬೀನು ಹಾಕಿ ಕೆಲವು ನಿಮಿಷದಲ್ಲಿ ತೆಗೆಯುತ್ತಿದ್ದರು. ಈಗ ಇನ್ನೊಂದು ಆಪರೇಷನ್. ಹಾಗೇ ಬಿಟ್ಟರೆ ಕಿಡ್ನಿಯೇ ಹೋಗಬಹುದು. ಇದರಲ್ಲಿ ಅವರದೇನು ತಪ್ಪು?

ಸಾಲದ ಕಂತಿನ ತಾರೀಖು ಹತ್ತಿರ ಬಂದರೆ ಬ್ಯಾಂಕಿನವರು ತಪ್ಪದೆ ಮೆಸೇಜ್ ಕಳಿಸುತ್ತಾರೆ. ಆಸ್ಪತ್ರೆಯವರ ಹತ್ತಿರವೂ ನಮ್ಮ ಫೋನ್ ನಂಬರ್ ಇರುತ್ತದೆ, ಅಲ್ವಾ? ಸ್ಟೆಂಟ್ ಹಾಕಿದವರ ಹೆಸರಿಗೊಂದು ರಿಜಿಸ್ಟರ್ ಇಟ್ಟು, ಬಾರದವರಿಗೆ ಫೋನ್ ಮಾಡಲಿ. ತೆಗೆಸುವ ತಾರೀಖನ್ನು ಹಾಳೆಯ ಮೇಲ್ಭಾಗದಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಬರೆಯಲಿ. ಮಂಡ್ಯ, ಮೈಸೂರು ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳಿಗೂ ಇದನ್ನು ಹೇಳಬೇಕು. ನನ್ನ ಹಾಗೆ ಎರಡೂ ಕಡೆ ಆದವರಿಗೆ ಎಡದ್ದು ಯಾವತ್ತು, ಬಲದ್ದು ಯಾವತ್ತು ಎಂದು ಬೇರೆ ಬೇರೆ ಬರೆದುಕೊಡಲಿ.

– ಆಲೆಮನೆ ಮಾಲೀಕ, ಪಾಂಡವಪುರ ತಾಲ್ಲೂಕು