ಮಗಳಿಗೊಂದು ಪತ್ರ: ಬೆರಟಿಯ ಬಾಟಲಿ ಜೊತೆಗೆ

ಪ್ರೀತಿಯ ಪುಟ್ಟಿ,

ಈ ಪತ್ರದ ಜೊತೆ ಒಂದು ಬಾಟಲಿ ಇದೆ. ಅದರಲ್ಲಿರುವುದು ಹಲಸಿನ ಹಣ್ಣಿನ ಬೆರಟಿ, ಅಂದರೆ ಹಣ್ಣನ್ನು ಬೆಲ್ಲದ ಜೊತೆ ಕಾಯಿಸಿ ಗಟ್ಟಿ ಮಾಡಿದ್ದು. ಪಕ್ಕದ ಮನೆಯವರು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊನ್ನೆ ನೀನು ಮಾಡಿದ ಮಾವಿನ ಹಣ್ಣಿನ ಐಸ್‌ಕ್ರೀಮ್ ಕಲ್ಲಾಯಿತು, ಚಮಚ ಬಾಗಿತೇ ಹೊರತು ಐಸ್‌ಕ್ರೀಮ್ ಏಳಲಿಲ್ಲ ಅಂದೆಯಲ್ಲ. ಹೇಳುವಾಗ ನಿನ್ನ ಸ್ವರ ಸಣ್ಣಗಾಗಿತ್ತು. ಬೇಜಾರು ಮಾಡ್ಕೋಬೇಡ. ಹಣ್ಣು ಚೆನ್ನಾಗಿತ್ತು, ಕೈಯೂ ಚೆನ್ನಾಗಿತ್ತು. ನೀರು ಜಾಸ್ತಿ ಆಯಿತು, ಅಷ್ಟೇ.

ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ. ಮಾವಿನ ಹಣ್ಣಿನಲ್ಲೂ 80ಕ್ಕಿಂತ ಜಾಸ್ತಿ. ಎರಡನ್ನೂ ಮಿಕ್ಸಿಗೆ ಹಾಕಿ ತಿರುಗಿಸಿ ಹಾಗೇ ಫ್ರೀಜರಿಗೆ ಇಟ್ಟೆ. ಸಾಲದ್ದಕ್ಕೆ ಆರೋಗ್ಯಕ್ಕೆ ಒಳ್ಳೆಯದಲ್ಲ ಅಂತ ಸಕ್ಕರೆ ಅರ್ಧಕ್ಕೆ ಇಳಿಸಿದೆ. ಸಕ್ಕರೆ ಇರುವುದು ಬರೀ ಸಿಹಿಗೆ ಅಲ್ಲ ಮಗಳೇ. ಸಕ್ಕರೆ ಕರಗಿದ ನೀರು ಅಷ್ಟು ಸುಲಭಕ್ಕೆ ಗಟ್ಟಿಯಾಗುವುದಿಲ್ಲ. ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲೂ ಸ್ವಲ್ಪ ಭಾಗ ಪಾಕವಾಗಿಯೇ ಉಳಿಯುತ್ತದೆ. ಚಮಚ ಒಳಗೆ ಇಳಿಯುವುದು ಅದರಿಂದ. ಇನ್ನೊಂದು, ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗುತ್ತದೆ. ಹಾಗಾಗಿ ಫ್ರೀಜರಿಗೆ ಇಡುವ ಮೊದಲು ರುಚಿ ನೋಡಿದಾಗ 'ಸ್ವಲ್ಪ ಜಾಸ್ತಿಯೇ ಆಯ್ತು' ಅನ್ನಿಸಬೇಕು.

ನೀರನ್ನು ಒಲೆಯ ಮೇಲೇ ಓಡಿಸಿಬಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ನಿನ್ನ ಅಜ್ಜಿ ಅದನ್ನೇ ಮಾಡುತ್ತಿದ್ದರು. ಐಸ್‌ಕ್ರೀಮಿಗೆ ಅಂತ ಅಲ್ಲ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಪಾಯಸಕ್ಕೆ ಬೇಕು ಅಂತ.

ಈ ಸಲದ್ದು ಬಾವಿಕಟ್ಟೆಯ ಹತ್ತಿರದ ಮರದ ಬಕ್ಕೆ ಹಲಸು, ಗಟ್ಟಿ ತೊಳೆಯದ್ದು. ಮಳೆ ಹಿಡಿಯುವ ಮೊದಲೇ ಕೊಯ್ಸಿದೆ. ನೀರು ಕುಡಿದ ಮೇಲೆ ಹಣ್ಣು ಸಪ್ಪೆಯಾಗುತ್ತದೆ, ನಿನಗೆ ಗೊತ್ತಲ್ಲ. ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು ಬಿಡಿಸಿ, ರುಬ್ಬಿ, ಎರಡು ಪಾಲು ಹಣ್ಣಿಗೆ ಒಂದು ಪಾಲು ಬೆಲ್ಲ ಹಾಕಿ, ದೊಡ್ಡ ಬಾಣಲೆಯಲ್ಲಿ ಒಲೆಗೆ ಇಟ್ಟೆ. ಮೊದಲ ಅರ್ಧ ಗಂಟೆ ಏನೂ ಕಷ್ಟ ಇಲ್ಲ. ಆಮೇಲೆ ಅದು ಕುದಿಯುವುದಿಲ್ಲ, ಸಿಡಿಯುತ್ತದೆ. ಗುಳ್ಳೆ ಒಡೆದು ಬಿಸಿ ಹಣ್ಣು ಮುಂಗೈಗೆ ಬಂದು ಅಂಟುತ್ತದೆ. ಅಜ್ಜಿ ಕೈಗೆ ಹಳೇ ಬಟ್ಟೆ ಸುತ್ತಿಕೊಂಡು ಉದ್ದ ಹಿಡಿಯ ಮರದ ಸಟ್ಟುಗದಲ್ಲಿ ತಿರುವುತ್ತಿದ್ದರು. ನಾನೂ ಹಾಗೇ. ಬಣ್ಣ ಹಳದಿಯಿಂದ ಜೇನಿಗೆ, ಜೇನಿನಿಂದ ಕಂದಿಗೆ ಬರುತ್ತದೆ. ಸಟ್ಟುಗದಲ್ಲಿ ಒಂದು ಗೆರೆ ಎಳೆದರೆ ಬಾಣಲೆಯ ತಳ ಕಾಣಬೇಕು, ಗೆರೆ ಮತ್ತೆ ಮುಚ್ಚಬಾರದು. ಆಗ ಇಳಿಸುವುದು. ಮೂರು ಗಂಟೆ ಹಿಡಿಯಿತು. ಒಂದು ಬಾಣಲೆ ತುಂಬ ಇದ್ದದ್ದು ಮೂರು ಬಾಟಲಿಗೆ ಇಳಿಯಿತು. ಅದರಲ್ಲಿ ಒಂದು ನಿನಗೆ.

ಈಗ ನೀನು ಮಾಡಬೇಕಾದ್ದು. ಒಂದು ಲೀಟರ್ ಗಟ್ಟಿ ಹಾಲನ್ನು ಸಣ್ಣ ಉರಿಯಲ್ಲಿ ಅರ್ಧಕ್ಕೂ ಕಮ್ಮಿ ಆಗುವವರೆಗೆ ಕಾಯಿಸು. ಅಲ್ಲೇ ನಿಂತಿರು, ಫೋನ್ ಹಿಡಿದುಕೊಂಡು ಆಚೆ ಹೋಗಬೇಡ. ಕೊನೆಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ತಣ್ಣಗಿನ ಹಾಲಿನಲ್ಲಿ ಕದಡಿ ಹಾಕು, ಮೂರು ಚಮಚ ಸಕ್ಕರೆಯನ್ನೂ ಹಾಕು. ಎರಡು ನಿಮಿಷ ಕುದಿಸಿ ಇಳಿಸು. ಪೂರ್ತಿ ಆರಲಿ. ಆಮೇಲೆ ಫ್ರಿಜ್ಜಿನಲ್ಲಿ ಇಟ್ಟು ಚೆನ್ನಾಗಿ ತಣ್ಣಗೆ ಮಾಡು. ಬೆರಟಿ ಹಾಕುವುದು ಅದರ ನಂತರ. ಇದೊಂದು ಮಾತ್ರ ಮರೆಯಬೇಡ. ಬೆಲ್ಲ ಇರುವುದನ್ನು ಬಿಸಿ ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ.

ಒಂದು ಕಪ್ ಬೆರಟಿಯನ್ನು ಇದೇ ತಣ್ಣಗಿನ ಹಾಲಿನ ಜೊತೆ ಮಿಕ್ಸಿಯಲ್ಲಿ ತಿರುಗಿಸು. ಒಂದು ಸಣ್ಣ ಪ್ಯಾಕೆಟ್ ಕ್ರೀಮ್, ಒಂದು ಚಿಟಿಕೆ ಉಪ್ಪು, ಎರಡು ಏಲಕ್ಕಿ. ಅಗಲವಾದ ಸ್ಟೀಲ್ ಡಬ್ಬಿಗೆ ಹೊಯ್ದು ಫ್ರೀಜರಿಗೆ ಇಡು. ಪ್ಲಾಸ್ಟಿಕ್ ಬೇಡ. ಸ್ಟೀಲಿನಲ್ಲಿ, ತೆಳುವಾಗಿ ಹರಡಿದ್ದು ಬೇಗ ಗಟ್ಟಿಯಾಗುತ್ತದೆ. ಬೇಗ ಗಟ್ಟಿಯಾದಷ್ಟೂ ಒಳಗಿನ ಐಸಿನ ಹರಳು ಸಣ್ಣದು, ಐಸ್‌ಕ್ರೀಮ್ ನಯ.

ಎರಡು ಗಂಟೆ ಬಿಟ್ಟು ನೋಡು. ಅಂಚು ಗಟ್ಟಿ, ನಡು ಮೆತ್ತಗೆ ಇರುತ್ತದೆ. ತೆಗೆದು ಮಿಕ್ಸಿಗೆ ಹಾಕಿ ಒಂದು ಸುತ್ತು ತಿರುಗಿಸು, ಮತ್ತೆ ಇಡು. ಹೀಗೆ ಮೂರು ಸಲ. ಪ್ರತಿ ಸಲವೂ ಹರಳು ಒಡೆಯುತ್ತದೆ, ಗಾಳಿ ಸೇರುತ್ತದೆ. ನೀನು ಮಾವಿನದ್ದಕ್ಕೆ ಒಂದು ಸಲವೂ ಇದನ್ನು ಮಾಡಲಿಲ್ಲ ಅಲ್ವಾ?

ನಾನು ಸಣ್ಣವಳಿದ್ದಾಗ ಮನೆಯಲ್ಲಿ ಫ್ರಿಜ್ಜೇ ಇರಲಿಲ್ಲ. ಆದರೂ ಐಸ್‌ಕ್ರೀಮ್ ತಿಂದಿದ್ದೇನೆ. ಚಿಕ್ಕಪ್ಪನ ಮದುವೆಗೆ ಮಂಗಳೂರಿನಿಂದ ಗೋಣಿಯಲ್ಲಿ ಸುತ್ತಿ, ಉಮಿ ತುಂಬಿ, ಐಸಿನ ಗಡ್ಡೆ ತಂದಿದ್ದರು. ಮರದ ಬಾಲ್ದಿ, ನಡುವೆ ಒಂದು ಡಬ್ಬಿ, ಮೇಲೆ ತಿರುವುವ ಹಿಡಿ. ಸುತ್ತ ಐಸು, ಅದರ ಮೇಲೆ ಕಲ್ಲುಪ್ಪು. ಉಪ್ಪು ಬಿದ್ದರೆ ಐಸು ಕರಗುತ್ತದೆ, ಆದರೆ ಇನ್ನೂ ತಣ್ಣಗಾಗುತ್ತದೆ. ಮೈನಸ್ 20ರ ಹತ್ತಿರಕ್ಕೂ ಇಳಿಯಬಲ್ಲದು. ಕರಗಲು ಬೇಕಾದ ಬಿಸಿಯನ್ನು ಅದು ಡಬ್ಬಿಯ ಹಾಲಿನಿಂದಲೇ ಎಳೆದುಕೊಳ್ಳುತ್ತದೆ. ನಿನ್ನ ಅಜ್ಜ ಹಿಡಿ ತಿರುವಿ ತಿರುವಿ ಕೊನೆಗೆ ಎರಡೂ ಕೈ ಹಾಕಿದ್ದು ನೆನಪಿದೆ. ಹಿಡಿ ತಿರುಗದಷ್ಟು ಬಿಗಿಯಾದಾಗ 'ಆಯ್ತು' ಅಂದರು. ನಾವು ಮಕ್ಕಳು ಸಾಲಾಗಿ ಬಾಳೆಲೆಯ ತುಂಡು ಹಿಡಿದು ಕೂತಿದ್ದೆವು.

ನೀನು ಕೇಳಿದೆಯಲ್ಲ, ಹಲಸಿನ ಐಸ್‌ಕ್ರೀಮ್ ಯಾರಾದ್ರೂ ತಿಂತಾರಾ ಅಂತ. ನಮ್ಮ ಮೂಲ್ಕಿಯ ರಘುನಂದನ್ ಕಾಮತ್ 1984ರಲ್ಲಿ ಮುಂಬೈಯ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ಅಂಗಡಿ ತೆರೆದರು. ಅವರ ತಂದೆ ಹಣ್ಣು ಮಾರುತ್ತಿದ್ದವರು. ಹಣ್ಣು ಆರಿಸುವುದನ್ನು ಚಿಕ್ಕಂದಿನಲ್ಲೇ ತಂದೆಯ ಜೊತೆ ಕಲಿತವರು ಅವರು. ಸೀತಾಫಲ, ಚಿಕ್ಕು, ಎಳನೀರು, ಹಲಸು, ಎಲ್ಲವನ್ನೂ ಅಲ್ಲಿ ಜನ ಕೇಳಿ ತಿನ್ನುತ್ತಾರೆ. 2024ರಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ನಿನ್ನ ಅಪ್ಪ ಪೇಪರ್ ಓದಿ ಹೇಳಿದಾಗ ನಮ್ಮ ಮನೆಯವರೇ ಹೋದ ಹಾಗೆ ಅನ್ನಿಸಿತು.

ಅನಾನಸಿನದ್ದು ಮಾಡುವ ಆಸೆ ಇದ್ದರೆ ಹಸಿಯಾಗಿ ಹಾಕಬೇಡ. ಅದರಲ್ಲಿರುವ ಒಂದು ಕಿಣ್ವ ಹಾಲನ್ನು ಕಹಿ ಮಾಡುತ್ತದೆ. ಸಕ್ಕರೆ ಹಾಕಿ ಹತ್ತು ನಿಮಿಷ ಬೇಯಿಸಿ, ಆರಿಸಿ ಹಾಕು.

ಬೆರಟಿಯದ್ದು ಕಂದು ಬಣ್ಣ ಬರುತ್ತದೆ, ಹಳದಿ ಅಲ್ಲ. ನಿನ್ನ ರೂಮಿನ ಹುಡುಗಿಯರು ಚಾಕೊಲೇಟ್ ಅಂದುಕೊಂಡರೆ ಹೇಳಬೇಡ, ಮೊದಲು ತಿನ್ನಲಿ. ತಿಂದ ಮೇಲೆ ಅವರ ಮುಖ ಹೇಗಾಯ್ತು ಅಂತ ನನಗೆ ಫೋನ್ ಮಾಡಿ ಹೇಳು. ಎಷ್ಟು ಹೊತ್ತಾದರೂ ಪರವಾಗಿಲ್ಲ, ಎದ್ದಿರುತ್ತೇನೆ.

ಬಾಟಲಿ ಬಿಸಾಡಬೇಡ. ಊರಿಗೆ ಬರುವಾಗ ತೊಳೆದು ತಾ.

ನಿನ್ನ
ಅಮ್ಮ