ಓಟ ನಿಧಾನವಾದರೇನು, ಪುಟ್ಟಿ

ಪುಟ್ಟಿ,

ನಿನ್ನ ಓಟ ನಿಧಾನ, ಫುಟಿಯಲ್ಲಿ ಮಿಡ್‌ಫೀಲ್ಡ್‌ಗೆ ಆಗಲ್ಲ ಅಂತ ಕೋಚ್ ಹೇಳಿದರಂತೆ. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಅಂತ ನಿನ್ನ ಅಮ್ಮ ಹೇಳಿದಳು. ಫೋನ್ ಮಾಡಿದರೆ ನೀನೂ ಅಳುತ್ತೀಯ, ನಾನೂ ಅಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೆಲ್ಬರ್ನ್‌ಗೆ ಬಂದ ಹೊಸದರಲ್ಲಿ ಫುಟಿ, ಅದೇ ಈ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ನನಗೆ ಬರೀ ನೂಕಾಟದ ಹಾಗೆ ಕಾಣುತ್ತಿತ್ತು. ಅದರೊಳಗಿನ ಆಟ ಕಾಣಿಸಿದ್ದು ಕಾಲಿಂಗ್‌ವುಡ್ ಕ್ಲಬ್‌ನ ಸ್ಕಾಟ್ ಪೆಂಡಲ್‌ಬರಿಯನ್ನು ನೋಡಿದ ಮೇಲೆ. ಅವನ ಹೆಸರು ಬಂದಿದ್ದು ಓಟದಿಂದ ಅಲ್ಲ. ನಾಲ್ಕು ಜನ ಮೇಲೆ ಬೀಳಲು ಬಂದರೂ ಅವನಿಗೆ ಮಾತ್ರ ಎಲ್ಲಿಂದಲೋ ಸಮಯ ಸಿಗುತ್ತದೆ.

ಮುಂದಿನ ಸಲ ಬಾಲ್ ಬಿಟ್ಟು ಅವನ ತಲೆಯನ್ನು ನೋಡು. ಬಾಲ್ ಕೈಗೆ ಬರುವ ಮೊದಲೇ ಆ ಕಡೆ ಈ ಕಡೆ ಒಮ್ಮೆ ಕಣ್ಣಾಡಿಸಿರುತ್ತಾನೆ. ಬಾಲ್ ಬಂದ ಮೇಲೆ ಒದೆಯುವ ಹಾಗೆ ಮಾಡಿ, ಒಂದು ಗಳಿಗೆ ತಡೆಯುತ್ತಾನೆ. ಟ್ಯಾಕಲ್ ಮಾಡಲು ಬಂದವನು ಅದೇ ರಭಸದಲ್ಲಿ ಪಕ್ಕಕ್ಕೆ ಹೋಗಿಬಿಡುತ್ತಾನೆ. ಆಮೇಲೆ ಅಂಗೈ ಮೇಲಿನ ಬಾಲನ್ನು ಮುಷ್ಟಿಯಿಂದ ಗುದ್ದಿ, ಖಾಲಿ ಇರುವ ಜೊತೆಗಾರನ ಎದೆಗೆ ಸರಿಯಾಗಿ ಕಳಿಸುತ್ತಾನೆ.

ಇದೆಲ್ಲ ಬ್ಯಾಸ್ಕೆಟ್‌ಬಾಲ್‌ನಿಂದ ಬಂದದ್ದು ಕಣೇ. ವಿಕ್ಟೋರಿಯಾದ ಸೇಲ್ ಅನ್ನೋ ಊರಿನ ಹುಡುಗ. ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಸಿಕ್ಕಿದ್ದ ಬ್ಯಾಸ್ಕೆಟ್‌ಬಾಲ್ ಸ್ಕಾಲರ್‌ಶಿಪ್ ಬಿಟ್ಟು ಫುಟಿಗೆ ಬಂದ. ಅವನು ಬಿಟ್ಟ ಜಾಗ, ಆಮೇಲೆ ದೊಡ್ಡ ಬ್ಯಾಸ್ಕೆಟ್‌ಬಾಲ್ ಆಟಗಾರನಾದ ಪ್ಯಾಟಿ ಮಿಲ್ಸ್‌ಗೆ ಸಿಕ್ಕಿತು, ನೋಡು! ಕ್ಲಬ್‌ಗಳು ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2005ರಲ್ಲಿ, ಕಾಲಿಂಗ್‌ವುಡ್ ಅವನನ್ನು ಐದನೆಯವನಾಗಿ ಆರಿಸಿಕೊಂಡಿತು.

ಆರು ವರ್ಷ ನೆಟ್‌ಬಾಲ್ ಆಡಿದ್ದು ದಂಡವಾಯ್ತು ಅಂದೆಯಂತೆ. ಅಲ್ಲಮ್ಮ, ನೆಟ್‌ಬಾಲ್‌ನಲ್ಲಿ ಬಾಲ್ ಹಿಡಿದು ಓಡುವ ಹಾಗೇ ಇಲ್ಲ, ಅಲ್ವಾ? ಮೂರು ಸೆಕೆಂಡಿನಲ್ಲಿ ಯಾರಿಗೆ ಕೊಡಬೇಕು ಅಂತ ಹುಡುಕಬೇಕು. ನಿನ್ನ ಕಣ್ಣಿಗೆ ಆ ಅಭ್ಯಾಸ ಇದೆ. ಫುಟಿ ಅಂದಕೂಡಲೇ ನೀನು ಅದನ್ನು ಬಿಟ್ಟು, ಸುಮ್ನೆ ತಲೆ ತಗ್ಗಿಸಿ ಓಡುತ್ತೀಯ. ಹೋದ ತಿಂಗಳು ನಿನ್ನ ಮ್ಯಾಚ್‌ನಲ್ಲಿ ನಾನೇ ನೋಡಿದೆ. ಬಾಲ್ ಸಿಕ್ಕಾಗಲೆಲ್ಲ ನಿನ್ನ ಕಣ್ಣು ಹುಲ್ಲಿನ ಮೇಲೇ ಇತ್ತು.

ಓಟವನ್ನೂ ಬಿಡಬೇಡ. ಕೋಚ್ ಹೇಳಿದ ಓಟದ ಅಭ್ಯಾಸ ಪೂರ್ತಿ ಮಾಡು, ಎದುರು ಮಾತಾಡಬೇಡ.

ಇನ್ನೊಂದು ಮಾತು, ಕ್ಯಾಪ್ಟನ್ ಪಟ್ಟ ನಿನ್ನ ಗೆಳತಿಗೆ ಹೋಯಿತು ಅನ್ನೋ ನೋವಿನ ಬಗ್ಗೆ. ಪೆಂಡಲ್‌ಬರಿ 2010ರಲ್ಲಿ ಕಪ್ ಗೆದ್ದ. ಸೇಂಟ್ ಕಿಲ್ಡಾ ತಂಡದ ಜೊತೆ ಫೈನಲ್ ಸಮವಾಗಿ, ಮರುವಾರ ಮತ್ತೆ ಆಡಿದಾಗ, ಫೈನಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಮೆಡಲ್ ಅವನದೇ. ಆದರೆ 2014ರಿಂದ 2022ರವರೆಗೆ ಕ್ಯಾಪ್ಟನ್ ಆಗಿದ್ದಾಗ ಒಂದೂ ಕಪ್ ಬರಲಿಲ್ಲ. 2018ರ ಫೈನಲ್ ಐದೇ ಪಾಯಿಂಟ್‌ನಲ್ಲಿ ಕೈತಪ್ಪಿತು. ಆಮೇಲೆ ತಾನೇ ಪಟ್ಟ ಬಿಟ್ಟ. ಡಾರ್ಸಿ ಮೂರ್ ಕ್ಯಾಪ್ಟನ್ ಆದ. 2023ರ ಫೈನಲ್‌ನಲ್ಲಿ ಬ್ರಿಸ್ಬೇನ್ ಮೇಲೆ ನಾಲ್ಕು ಪಾಯಿಂಟ್‌ನಲ್ಲಿ ಗೆದ್ದು ಕಪ್ ಬಂದಾಗ, ಇವನು 35ರ ವಯಸ್ಸಿನಲ್ಲಿ ಮೂರ್ ಕೈಕೆಳಗೆ ಆಡುತ್ತಿದ್ದ. ಮರುವರ್ಷ 400ನೇ ಪಂದ್ಯವನ್ನೂ ಆಡಿದ. ನಿನ್ನ ಗೆಳತಿಗೆ ಇವತ್ತೇ ಒಂದು ಮೆಸೇಜ್ ಹಾಕು.

ಭಾನುವಾರ ಬೆಳಿಗ್ಗೆ ಬರುತ್ತೇನೆ, ಚಿತ್ರಾನ್ನ ಕಟ್ಟಿಕೊಂಡು. ಮೈದಾನದಲ್ಲಿ ನಿನ್ನ ಬೆನ್ನ ಹಿಂದೆ ನಿಂತು ಬೆರಳು ಎತ್ತಿರುತ್ತೇನೆ. ಅಪ್ಪ ಬಾಲ್ ಎಸೆಯಲಿ. ಅದು ಕೈಗೆ ಬರುವುದರೊಳಗೆ ಒಮ್ಮೆ ತಿರುಗಿ ನೋಡಿ, ಎಷ್ಟು ಬೆರಳು ಅಂತ ಕೂಗಿ ಹೇಳಬೇಕು.

ಊಟ ಮಾಡು.

ನಿನ್ನ ದೊಡ್ಡಮ್ಮ