ಬೋರಮಾಳ ಮನೆಗೆ ಬಂತು

ಕಳೆದ ಶುಕ್ರವಾರ ಮಧ್ಯಾಹ್ನ ನಮ್ಮತ್ತೆಯ ಬೋರಮಾಳ, ಅಂದರೆ ಚಿನ್ನದ ಗುಂಡಿನ ಸರ, ಬ್ಯಾಂಕಿನಿಂದ ಮನೆಗೆ ಬಂತು. ಜೊತೆಗೆ ನನ್ನ ಎರಡು ಬಳೆ. ಒಟ್ಟು 36 ಗ್ರಾಂ. ಎರಡು ವರ್ಷ ಎರಡು ತಿಂಗಳು ಅವು ಬೇರೆಯವರ ತಿಜೋರಿಯಲ್ಲಿದ್ದವು. ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿ, ಸರವನ್ನು ಅತ್ತೆಯ ಕೊರಳಿಗೆ ನಾನೇ ಹಾಕಿದೆ. ಅವರು ಏನೂ ಮಾತಾಡಲಿಲ್ಲ. ಒಂದೊಂದೇ ಗುಂಡು ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸಿದರು. ಆಮೇಲೆ, "ಮೊದಲು ನಿನ್ನ ಆ ಗೆಳತ್ಯಾರಿಗೆ ಹೇಳವ್ವ" ಅಂದರು.

ಅದನ್ನೇ ಹೇಳುತ್ತಿದ್ದೇನೆ. ಫೋನಿನಲ್ಲೇ ಪರಿಚಯವಾದ ಗೆಳತಿಯರೇ, ನಿಮಗೆಲ್ಲ ಅಲ್ಲೇ ಎರಡು ಕೈ ಮುಗಿದ ಚಿತ್ರ ಕಳಿಸಿ ಸುಮ್ಮನಾಗಲು ನನಗೆ ಮನಸ್ಸು ಬರಲಿಲ್ಲ.

ನಮ್ಮ ಮನೆ ಕಥೆ ನಿಮಗೆ ಗೊತ್ತಿದ್ದದ್ದೇ, ಹೊಸದಾಗಿ ಬಂದವರಿಗೆ ಒಂದೆರಡು ಮಾತು. ನಾವು ದಾವಣಗೆರೆಯವರು. 2023ರ ಜೂನ್‌ನಲ್ಲಿ ನಮ್ಮ ಮನೆಯವರು ಹನ್ನೊಂದು ವರ್ಷ ದುಡಿದ ಗೋದಾಮು ಬಾಗಿಲು ಹಾಕಿತು. ಮೂರು ತಿಂಗಳ ಸಂಬಳ ಬಾಕಿ ಉಳಿಯಿತು, ಅದು ಇವತ್ತಿಗೂ ಬಂದಿಲ್ಲ. ಬಾಡಿಗೆ ಮನೆ, ಓದುವ ಇಬ್ಬರು ಮಕ್ಕಳು, ಬಿಪಿ ಶುಗರ್ ಎರಡೂ ಇರುವ ಅತ್ತೆ. ಆಗಸ್ಟ್‌ನಲ್ಲಿ ಬೋರಮಾಳ, ಬಳೆ ಅಡವಿಟ್ಟು 1,40,000 ರೂಪಾಯಿ ತಂದೆವು. ಕೈಗಡ ತೀರಿತು, ಶಾಲೆ ಫೀಜು ಕಟ್ಟಿದ್ದಾಯಿತು, ಅತ್ತೆಯನ್ನು ಐದು ದಿನ ಆಸ್ಪತ್ರೆಯಲ್ಲಿ ಇಡಬೇಕಾಯಿತು. ದಸರೆ ಹೊತ್ತಿಗೆ ದುಡ್ಡು ಮುಗಿದಿತ್ತು.

ನಿಮ್ಮಲ್ಲಿ ಯಾರಿಗೂ ನಾನು ಇದನ್ನು ಹೇಳಿರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಸಾರಿನ ಪುಡಿಯ ಅಳತೆ ಕೇಳುತ್ತ ಕೇಳುತ್ತ ಪರಿಚಯ ಆದವರು ನಾವು. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಇವತ್ತು ಏನು ಅಡುಗೆ, ಮಗು ಏನಂತು, ಅತ್ತೆ ಏನಂದರು ಅಂತ ಬರೆದುಕೊಳ್ಳುವುದು. ಆ ನಾಲ್ಕು ತಿಂಗಳು ನಾನು ದಿನಾ "ಎಲ್ಲ ಆರಾಮ" ಅಂತ ಬರೆದೆ. ಊರಲ್ಲೂ ಅದೇ. ಬರಿಗೊರಳಲ್ಲಿ ಹೋಗಬೇಕಲ್ಲ ಅಂತ ನಾದಿನಿಯ ಮನೆಯ ಗೃಹಪ್ರವೇಶಕ್ಕೂ ಅತ್ತೆ ಹೋಗಲಿಲ್ಲ, ಕಾಲುನೋವು ಅಂತ ಹೇಳಿ ಕಳಿಸಿದೆವು.

ಒಂದು ರಾತ್ರಿ ಯಾಕೋ ತಡೆಯಲಾಗಲಿಲ್ಲ. ಖರ್ಚಿನ ಪುಸ್ತಕದ ಅವತ್ತಿನ ಹಾಳೆಯ ಫೋಟೋ ತೆಗೆದು ಕಳಿಸಿಬಿಟ್ಟೆ. ಹಾಲು 22. ಸೊಪ್ಪು 10. ಅತ್ತೆ ಗುಳಿಗೆ 640. ಮಗನ ಪೆನ್ಸಿಲ್ 5. ಕೆಳಗೆ ಗೆರೆ ಎಳೆದು, ಉಳಿದಿದ್ದು 85. ಕಳಿಸಿದ ಮೇಲೆ ಕೈ ನಡುಗಿತು. ಅಳಿಸಬೇಕು ಅಂತ ಫೋನ್ ತೆಗೆಯುವಷ್ಟರಲ್ಲಿ ಬಾಗಲಕೋಟೆಯ ಅಕ್ಕಾರು ನೋಡಿಯಾಗಿತ್ತು. "ನಮ್ಮನಿದೂ ಇದ ಕಥಿ ಐತ್ರಿ. ನಾಳಿಂದ ದಿನಾ ಇಲ್ಲೇ ಬರೀರಿ, ನಾನೂ ಬರೀತೀನಿ" ಅಂದರು. ಹತ್ತು ನಿಮಿಷಕ್ಕೆ ಶಿರಸಿಯ ಅಕ್ಕ ತಮ್ಮ ಡೈರಿಯ ಹಾಳೆ ಕಳಿಸಿದರು. ತೋಟ, ಮನೆ, ಆಳುಕಾಳು ಇರುವ ಆ ಅಕ್ಕನ ಹಾಳೆಯಲ್ಲೂ ಸೊಸೈಟಿ ಸಾಲದ ಕಂತು ಕೆಂಪು ಶಾಯಿಯಲ್ಲಿತ್ತು. ಮಸ್ಕತ್‌ನಲ್ಲಿರುವ ತಂಗಿ ರಿಯಾಲ್ ಲೆಕ್ಕ ಬರೆದಳು. ಅಪ್ಪನ ಆಪರೇಷನ್‌ಗೆ ಅಂತ ಆ ತಿಂಗಳು ಊರಿಗೆ ಕಳಿಸಿದ್ದು ಬಿಟ್ಟರೆ ಅವಳ ಕೈಯಲ್ಲೂ ಏನಿಲ್ಲ.

ನನಗೆ ಆ ರಾತ್ರಿ ನಿದ್ದೆ ಬಂತು. ನಾಲ್ಕು ತಿಂಗಳಾದ ಮೇಲೆ ಒಳ್ಳೆಯ ನಿದ್ದೆ.

ಅಯ್ಯೋ ಪಾಪ ಅಂತ ನೀವು ಯಾರೂ ಅನ್ನಲಿಲ್ಲ. ಮಾರನೇ ದಿನದಿಂದ ನನ್ನ ಹಾಳೆಯನ್ನು ಸಾಲು ಸಾಲಾಗಿ ಓದಿದಿರಿ. ಮೈಸೂರಿನ ಟೀಚರ್ ಕಣ್ಣು ಮೊದಲು ಬಿದ್ದದ್ದು ಆ 640ರ ಮೇಲೆ. ಚೀಟಿಯಲ್ಲಿರುವ ಔಷಧದ ಮೂಲ ಹೆಸರು ಬರೆಸಿಕೊಂಡು ಬಾ, ಜನೌಷಧಿ ಕೇಂದ್ರದಲ್ಲಿ ಕೇಳು, ಆದರೆ ಡಾಕ್ಟರನ್ನು ಕೇಳದೆ ಒಂದು ಗುಳಿಗೆಯನ್ನೂ ಬದಲಾಯಿಸಬೇಡ ಅಂದರು. ಡಾಕ್ಟರು ಆಗಬಹುದು ಅಂದರು. ಹದಿನೈದು ದಿನದ 640 ಇಳಿದು 180ಕ್ಕೆ ಬಂತು. ಅತ್ತೆ ಅದಕ್ಕೂ ಮೊದಲು ದುಡ್ಡು ಉಳಿಸಲು ಒಂದು ದಿನ ಬಿಟ್ಟು ಒಂದು ದಿನ ಗುಳಿಗೆ ನುಂಗುತ್ತಿದ್ದರು ಅನ್ನುವುದು ನಮಗೆ ತಿಳಿದದ್ದು ಆಗಲೇ. ಟೀಚರೇ, ನಿಮಗೆ ಅದಕ್ಕಾಗಿ ಎಷ್ಟು ಸಲ ಕೈ ಮುಗಿದರೂ ಸಾಲದು.

ಕರೆಂಟಿನ ವಿಷಯ ಹೇಳಿಕೊಟ್ಟದ್ದು ಹಾಸನದ ತಂಗಿ. ಸರ್ಕಾರದ ಉಚಿತ ಕರೆಂಟು, ಗೃಹಜ್ಯೋತಿ ಇದೆ ಅಂತ ನಾವು ಲೆಕ್ಕ ಇಟ್ಟಿರಲೇ ಇಲ್ಲ. ಮನೆಗೆ ನಿಗದಿಯಾದ ಯೂನಿಟ್ ದಾಟಿದರೆ ದಾಟಿದಷ್ಟಕ್ಕೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಎರಡು ಸಾವಿರ ವಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಹೋಯಿತು ಅಂತ ಅವಳು ಬಿಡಿಸಿ ಹೇಳಿದ ಮೇಲೆ ಮಗಳು ಸ್ವಿಚ್ಚಿನ ಪಕ್ಕ ಒಂದು ಚೀಟಿ ಅಂಟಿಸಿದಳು. ಈಗ ಬಿಸಿನೀರು ಅತ್ತೆಗೆ ಮಾತ್ರ, ಚಳಿಗಾಲದಲ್ಲಿ ಎಲ್ಲರಿಗೂ. ಇನ್ನು ಗ್ಯಾಸು. ಕಾಳು ರಾತ್ರಿಯೇ ನೆನೆಸುವುದು, ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡುವುದು, ಒಂದೇ ಕುಕ್ಕರಿನಲ್ಲಿ ಬೇಳೆ ಕೆಳಗೆ ಅನ್ನ ಮೇಲೆ. ಇಷ್ಟರಲ್ಲೇ ಮೂವತ್ತು ದಿನಕ್ಕೆ ಮುಗಿಯುತ್ತಿದ್ದ 14.2 ಕೆಜಿ ಸಿಲಿಂಡರ್ ನಲವತ್ತನಾಲ್ಕು ದಿನ ಬಂತು. ಸಿಲಿಂಡರಿನ ಮೇಲೆ ಹಚ್ಚಿದ ದಿನಾಂಕವನ್ನು ಸೀಮೆಸುಣ್ಣದಲ್ಲಿ ಬರೆಯುವ ಅಭ್ಯಾಸವೂ ನಿಮ್ಮದೇ ಕೊಡುಗೆ.

ಹೀರೇಕಾಯಿ ಸಿಪ್ಪೆ ಚಟ್ನಿ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಮ್ಮ ಮನೆ ಊಟವೇ ಅದರಿಂದ ಬದಲಾಯಿತು. ಮೊದಲು ಸಿಪ್ಪೆ ಹೆರೆದು ಎಸೆಯುತ್ತಿದ್ದೆ. ಈಗ ಕಾಯಿ ತೊಳೆದು, ಏಣು ಹೆರೆದು, ಆ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಎತ್ತಿಡುತ್ತೇನೆ. ಒಂದು ಚಮಚ ಎಣ್ಣೆಗೆ ಕಡಲೆಬೇಳೆ, ಉದ್ದಿನಬೇಳೆ, ನಾಲ್ಕು ಒಣಮೆಣಸಿನಕಾಯಿ. ಬೇಳೆ ಕೆಂಪಾದ ಮೇಲೆ ತೆಗೆದಿಟ್ಟು, ಅದೇ ಬಾಣಲೆಯಲ್ಲಿ ಸಿಪ್ಪೆ ಹಾಕಿ ಹಸಿ ವಾಸನೆ ಹೋಗುವ ತನಕ ಬಾಡಿಸಬೇಕು. ಅವಸರ ಮಾಡಿದರೆ ಒಗರು ಉಳಿಯುತ್ತದೆ. ಹುಣಸೆಹಣ್ಣು, ಚೂರು ಬೆಲ್ಲ, ಉಪ್ಪು. ಶಿರಸಿಯ ಅಕ್ಕ ಕಾಯಿತುರಿ ಹಾಕು ಅಂದಿದ್ದರು. ತೆಂಗಿನಕಾಯಿ ತುಟ್ಟಿ ಆದಾಗಿನಿಂದ ನಾನು ಹುರಿದ ಶೇಂಗಾ ಹಾಕಿ ತರಿತರಿಯಾಗಿ ರುಬ್ಬುತ್ತೇನೆ. ಬಿಸಿ ರೊಟ್ಟಿಗೆ ಇದು ಇದ್ದರೆ ನಮ್ಮ ಮನೆಯವರು ಪಲ್ಯ ಕೇಳುವುದಿಲ್ಲ. ಒಂದು ಕಾಯಿಯಲ್ಲಿ ಎರಡು ಊಟ. ಬೇಸಿಗೆಯಲ್ಲಿ ಮಂಗಳೂರಿನ ಅಕ್ಕ ಕಲ್ಲಂಗಡಿಯ ಸಿಪ್ಪೆಯ ಬಿಳಿ ಭಾಗವನ್ನು ನೆನೆದ ಅಕ್ಕಿಯ ಜೊತೆ ರುಬ್ಬಿ ದೋಸೆ ಹಾಕುವುದು ತೋರಿಸಿದರು. ಬೆಣ್ಣೆ ದೋಸೆ ಊರಿನ ಮಕ್ಕಳು ಅದನ್ನೂ ಒಪ್ಪಿದರು ಅಂದರೆ ನೋಡಿ.

ನವೆಂಬರಿನ ಆ ದಿನದ ಮಾತಿಗೆ ಬರುತ್ತೇನೆ. ಬರೆಯಲು ಕೂತರೆ ಈಗಲೂ ಗಂಟಲು ಕಟ್ಟುತ್ತದೆ.

ನಾವು ಚಿನ್ನ ಇಟ್ಟಿದ್ದು ಒಂದು ಖಾಸಗಿ ಫೈನಾನ್ಸಿನಲ್ಲಿ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ 2,800. ಎರಡು ತಿಂಗಳದ್ದು ಕಟ್ಟಿರಲಿಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ತುಮಕೂರಿನ ಅಮ್ಮ ಲೆಕ್ಕ ನೋಡಿದವರೇ, "ಅಲ್ಲಿಂದ ಬಿಡಿಸಿ ಬ್ಯಾಂಕಿನಲ್ಲಿ ಇಡಮ್ಮ, ನೂರಕ್ಕೆ ಎಂಬತ್ತು ಪೈಸೆ ಬೀಳುತ್ತೆ" ಅಂದರು. ಆದರೆ ಮೊದಲು ಬಿಡಿಸಲು ಅಸಲು ಬಡ್ಡಿ ಸೇರಿ 1,45,600 ಕೈಯಲ್ಲಿರಬೇಕು. ಒಂದೇ ಒಂದು ದಿನದ ಮಟ್ಟಿಗೆ. ಚನ್ನಗಿರಿ ಕಡೆ ಇರುವ ನಮ್ಮಣ್ಣ ಅಡಿಕೆ ಮಾರಿದ ದುಡ್ಡಲ್ಲಿ ಒಂದು ಲಕ್ಷ ತಂದುಕೊಟ್ಟ. ಆ ರಾತ್ರಿಯ ಹಾಳೆಯಲ್ಲಿ ನಾನು ಬರೆದೆ: "45,600 ಕಡಿಮೆ. ಬ್ಯಾಂಕಿಗೆ ಹೋಗುವುದು ಮುಂದಕ್ಕೆ ಹಾಕಿದ್ದೇವೆ." ಕೇಳಬೇಕು ಅಂತ ಬರೆದದ್ದಲ್ಲ. ದಿನಾ ಬರೆಯುವ ಹಾಗೆ ಬರೆದೆ.

ಬೆಳಗ್ಗೆ ಆರೂವರೆಗೆ ಹಾಲು ಕಾಯಿಸುತ್ತಿದ್ದೆ. ಫೋನು ಮೂರು ಸಲ ಸದ್ದು ಮಾಡಿತು. 15,000. ಇನ್ನೊಂದು 15,000. ಮತ್ತೊಂದು 15,000. ಶಿರಸಿ, ಬಾಗಲಕೋಟೆ, ಮಸ್ಕತ್. ಹಾಲು ಉಕ್ಕಿ ಒಲೆ ತುಂಬ ಹರಿಯಿತು, ನಾನು ನೋಡುತ್ತಾ ನಿಂತೆ. ನಿಮ್ಮ ಮೂವರ ಮುಖ ನಾನು ನೋಡಿಲ್ಲ. ನನ್ನ ಮನೆ ವಿಳಾಸವೂ ನಿಮಗೆ ಗೊತ್ತಿರಲಿಲ್ಲ. ಮಿಕ್ಕ 600 ಅತ್ತೆಯ ಸಾಸಿವೆ ಡಬ್ಬಿಯಿಂದ ಬಂತು, ಹತ್ತರ ನೋಟು, ನಾಣ್ಯ ಎಲ್ಲ ಸೇರಿಸಿ.

ಹನ್ನೊಂದು ಗಂಟೆಗೆ ಬಿಡಿಸಿದೆವು. ಹನ್ನೆರಡಕ್ಕೆ ಬ್ಯಾಂಕು. ತೂಕ ಮಾಡಿ, ಒರೆಗೆ ಹಚ್ಚಿ, ರುಜು ಹಾಕಿಸಿ, 1,45,000 ಖಾತೆಗೆ ಬೀಳುವಾಗ ಮೂರೂ ಕಾಲು. ಬ್ಯಾಂಕಿನ ಮೆಟ್ಟಿಲ ಮೇಲೇ ನಿಂತು ನಿಮ್ಮ ಮೂವರ ದುಡ್ಡು ವಾಪಸ್ಸು ಹಾಕಿದೆ, ಅಣ್ಣನದೂ. ಅವತ್ತಿನಿಂದ ಬಡ್ಡಿ 2,800 ಹೋಗಿ 1,160 ಆಯಿತು. ಉಳಿದ 1,640 ಪ್ರತಿ ತಿಂಗಳೂ ಅಸಲಿಗೆ. ಸ್ವಲ್ಪ ಸ್ವಲ್ಪ ಅಸಲು ಕಟ್ಟಬಹುದು, ಕಟ್ಟಿದಷ್ಟಕ್ಕೆ ಬಡ್ಡಿ ಇಳಿಯುತ್ತದೆ ಅನ್ನುವುದನ್ನೂ ತುಮಕೂರಿನ ಅಮ್ಮನೇ ಹೇಳಿದ್ದು. ಗೃಹಲಕ್ಷ್ಮಿಯ 2,000, ನಾನು ಸೀರೆಗೆ ಫಾಲ್ ಹಚ್ಚಿದ್ದು, ನಮ್ಮ ಮನೆಯವರು ಶಾಲೆ ವ್ಯಾನ್ ಓಡಿಸಿದ್ದು, ಒಂದು ತಿಂಗಳು ಮೂರು ಸಾವಿರ, ಇನ್ನೊಂದು ತಿಂಗಳು ಒಂಬತ್ತು. ಹಾಗೇ ಸವೆಯಿತು.

ಮಗನ ಹುಟ್ಟುಹಬ್ಬವನ್ನು ಮರೆಯಲಾರೆ. ಕೇಕ್ ಬೇಡಮ್ಮ, ಒಗ್ಗರಣೆ ಮಂಡಕ್ಕಿ ಮಾಡು, ಸಾಕು ಅಂದಿದ್ದ. ಎಂಟು ವರ್ಷದ ಮಗು ಹಾಗೆ ಅನ್ನುವುದನ್ನು ಕೇಳಿ ಅವತ್ತು ನನಗೆ ಸಹಿಸಲಾಗಲಿಲ್ಲ. ನಿಮ್ಮಲ್ಲಿ ಯಾರೋ ಒಬ್ಬರು ರವೆ, ಮೊಸರು, ಬೆಲ್ಲದ ಕೇಕನ್ನು ಕುಕ್ಕರಿನಲ್ಲಿ ಉಪ್ಪು ಹರವಿ, ಗ್ಯಾಸ್ಕೆಟ್ಟು ಸೀಟಿ ತೆಗೆದು ಬೇಯಿಸುವುದನ್ನು ಫೋನಿನಲ್ಲಿ ಜೊತೆಗೇ ಇದ್ದು ಮಾಡಿಸಿದಿರಿ. ಮಂಡಕ್ಕಿಯೂ ಆಯಿತು, ಕೇಕೂ ಆಯಿತು. ಅವನು ಮೊದಲ ತುಂಡನ್ನು ಫೋನಿನ ಮುಂದೆ ಹಿಡಿದು "ಆಂಟಿಯರಿಗೆ" ಅಂದ.

ಅತ್ತೆಯ ಕೈಗೆ ಮತ್ತೆ ಸೂಜಿ ಕೊಟ್ಟವರೂ ನೀವೇ. ಅವರು ಹಳೇ ಸೀರೆ ಪದರ ಮಾಡಿ ಹೊಲಿದ ಕೌದಿಯ ಫೋಟೋ ನೋಡಿ ಬಾಗಲಕೋಟೆಯ ಅಕ್ಕಾರು ತಮ್ಮ ಮೊಮ್ಮಗುವಿಗೆ ಒಂದು ಬೇಕು ಅಂದರು. ಅತ್ತೆ ಇಪ್ಪತ್ತು ದಿನ ಕಿಟಕಿ ಬಳಿ ಕೂತು ಹೊಲಿದರು. ಕೊನೆಯ ಮೂಲೆ ಮುಚ್ಚುವ ಮುಂಚೆ ಅದರೊಳಗೆ ನಾಲ್ಕು ಕಾಳು ಜೋಳ ಇಟ್ಟರು. ಯಾಕೆ ಅಂದೆ. "ಕೂಸಿಗೆ ಬರಿ ಕೌದಿ ಕಳಸಬಾರದವ್ವ" ಅಂದರು. ಆಮೇಲೆ ಏಳು ಕೌದಿ ಹೋದವು, ಎಲ್ಲ ನಿಮ್ಮ ಮೂಲಕವೇ. ಅದರ ದುಡ್ಡನ್ನು ಅತ್ತೆ ಒಂದು ಪೈಸೆ ಮುಟ್ಟದೆ ಬ್ಯಾಂಕಿಗೇ ಕಟ್ಟಿಸಿದರು. ಅವರ ಸರವನ್ನು ಅವರೂ ಬಿಡಿಸಿಕೊಂಡರು.

ಈ ಮಾತೂ ಇಲ್ಲಿ ಸೇರಲಿ: ಎರಡು ವರ್ಷ ನಮ್ಮ ಮನೆಯ ಉಪ್ಪು ಮೆಣಸಿನ ಲೆಕ್ಕವೆಲ್ಲ ನಿಮ್ಮ ಮುಂದೆ ಬಿಚ್ಚಿಡುವುದಕ್ಕೆ ನಮ್ಮ ಮನೆಯವರು ಒಂದು ದಿನವೂ ಬೇಡ ಅನ್ನಲಿಲ್ಲ. ಮೊದಮೊದಲು ಮುದುಡುತ್ತಿದ್ದರು. ಆಮೇಲಾಮೇಲೆ ರಾತ್ರಿ ಬಂದವರೇ, "ಹಾಸನದವರ ಮನೆ ಬಿಲ್ಲು ಈ ಸಲ ಎಷ್ಟು ಬಂತಂತೆ?" ಅಂತ ಕೇಳುವಂತಾದರು. ಅವರಿಗೂ ನನ್ನ ನಮಸ್ಕಾರ.

ಜನವರಿ ಎರಡನೇ ವಾರ ಶಿರಸಿಯ ಅಕ್ಕ, ಬಾಗಲಕೋಟೆಯ ಅಕ್ಕಾರು, ರಜೆಗೆ ಬರುವ ಮಸ್ಕತ್ ತಂಗಿ ಮೂವರೂ ನಮ್ಮ ಮನೆಗೆ ಬರುತ್ತೀರಿ ಅಂತ ಗೊತ್ತುಮಾಡಿದ್ದೀರಿ. ಉಳಿದವರೂ ಬನ್ನಿ, ಮಲಗಲು ಮಹಡಿ ಮೇಲೆ ಜಾಗ ಇದೆ. ಹಣ್ಣು, ಸಿಹಿ ಏನೂ ತರಬೇಡಿ. ಮನೆಯಲ್ಲಿ ಉಟ್ಟು ಮೆತ್ತಗಾದ ಹತ್ತಿ ಸೀರೆ ಒಂದೊಂದು ತನ್ನಿ. ಎಲ್ಲರ ಸೀರೆ ಸೇರಿಸಿ ನಮ್ಮ ಮನೆಗೆ ಅಂತ ಒಂದು ದೊಡ್ಡ ಕೌದಿ ಹೊಲಿಯಬೇಕಂತೆ, ಅತ್ತೆ ಈಗಾಗಲೇ ದಾರ ತರಿಸಿಟ್ಟಿದ್ದಾರೆ.